ಚಿನ್ಮಯಿಯ ಕಪ್ಪು

12-8-2004, ಗುರುವಾರ

ಸೊಸೆ ವೈಜಯಂತಿಯ ವರ್ಷದ ತಿಥಿ ನಿನ್ನೆ ಮುಗಿಯಿತು. ಇನ್ನು ಮನೆಯವರು ಹೊಸಬಟ್ಟೆ ಉಡಬಹುದೆಂದು ಮೊಮ್ಮಗಳು ಚಿನ್ಮಯಿಗೆ ಹಳದಿ ಚೂಡಿದಾರ ತಂದಿದ್ದೆ. ಅವಳು ಮುಟ್ಟಲಿಲ್ಲ. ವರ್ಷದಿಂದ ಅದೇ ಕಪ್ಪು ಬಟ್ಟೆ, ಕಪ್ಪು ತುಟಿ. ಗಾಥಿಕ್ ಅಂತೆ. ಈ ತಮಿಳು ಊರಿನ ಸ್ಯಾಂಥೋಮ್ ಪೇಟೆಯ ಚೂಪು ಕಮಾನಿನ ಚರ್ಚಿಗೂ, ಅವಳು ಓದುವ ದೆವ್ವದ ಕಾದಂಬರಿಗೂ, ಈ ವೇಷಕ್ಕೂ ಒಂದೇ ಹೆಸರು.

“ಅಮಂಗಳ ಕಣೇ! ಇದೆಂಥ ಫ್ಯಾಷನ್ನು?” ಎಂದೆ.

“ವಿಡುಂಗ ಅಜ್ಜಿ, ಬಿಟ್ಬಿಡಿ, ಇದು ಫ್ಯಾಷನ್ ಇಲ್ಲ. ನೀವೆಲ್ಲ ವಡೆ ಪಾಯಸ ತಿಂದು ಅಮ್ಮನ್ನ ಮುಗಿಸ್ಬಿಟ್ರಿ. ನಂಗೆ ಮುಗೀಲಿಲ್ಲ.”

ನಮ್ಮಲ್ಲಿ ದುಃಖಕ್ಕೆ ಯಾರೂ ಕಪ್ಪು ಉಡುವುದಿಲ್ಲ. ಹಾಗಾಗಿ ನನಗೆ ತಿಳಿಯಲೇ ಇಲ್ಲ.

ಈಗಲೂ ದಿನಾ ಬೆಳಿಗ್ಗೆ ಕೈ ತಾನಾಗಿ ವೈಜಯಂತಿಗೂ ಒಂದು ಲೋಟ ಕಾಫಿ ಬೆರೆಸುತ್ತದೆ. ಯಾರೂ ಏಳುವ ಮೊದಲೇ ಚೆಲ್ಲಿಬಿಡುತ್ತೇನೆ.

ನಾಳೆ ಚೆಲ್ಲುವುದಿಲ್ಲ. ಚಿನ್ಮಯಿ ಎದ್ದು ಬರಲಿ, ನೋಡಲಿ.