ಬಚ್ಚಿಟ್ಟ ಬೂಟು, ಬಾರದ ಅಪ್ಪ

ರಿಚ್ಮಂಡ್, ಟಾಸ್ಮೇನಿಯಾ
ಏಪ್ರಿಲ್ 29, ಮಂಗಳವಾರ

ಪ್ರೀತಿಯ ನೆರಿಡಾ ಅಕ್ಕನಿಗೆ,

ಕುಶಲಪ್ರಶ್ನೆಗೆ ಮೊದಲು ತಪ್ಪೊಪ್ಪಿಗೆ. ಕೆಳಗೆ ಸಹಿ ಮಾಡಿರುವ ಬ್ರೆಟ್ ಪಿಯರ್ಸಲ್, ವಯಸ್ಸು ಐವತ್ತೆರಡು, ಆದ ನಾನು ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಹೇಳುವುದೇನೆಂದರೆ: ಕಳೆದ ಗುರುವಾರ ಸಂಜೆ ನಮ್ಮ ತಂದೆಯವರ ಬೆಟ್ಟ ಹತ್ತುವ ಬೂಟುಗಳನ್ನು ಕದ್ದು ವೈನ್ ಪೀಪಾಯಿಗಳ ಹಿಂದೆ ಬಚ್ಚಿಟ್ಟೆ. ಇದಕ್ಕೆ ದ್ರಾಕ್ಷಿಯೇ ಸಾಕ್ಷಿ. ಬೂಟು ಕದ್ದೆನೇ ಹೊರತು ಬೂಟಾಟಿಕೆ ಮಾಡಲಿಲ್ಲ. ಇದು ನಮ್ಮ ಮನೆತನದ ಕಸುಬು ಕೂಡ. ಮುತ್ತಜ್ಜನ ಅಜ್ಜ ಲಂಡನ್ನಿನಲ್ಲಿ ಒಂದು ಜೊತೆ ಬೂಟು ಕದ್ದು ಏಳು ವರ್ಷದ ಶಿಕ್ಷೆಗೆ ಈ ದ್ವೀಪಕ್ಕೆ ಬಂದವನಲ್ಲವೇ? ಅಜ್ಜಿ ಆ ವಿಷಯವನ್ನು ಸಾಯುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ನಾವು ಅದನ್ನೇ ನಮ್ಮ ತೋಟದ ವೈನ್ ಬಾಟಲಿಯ ಚೀಟಿಯ ಮೇಲೆ ಅಚ್ಚು ಹಾಕಿಸಿ ಪ್ರವಾಸಿಗಳಿಗೆ ಮಾರುತ್ತಿದ್ದೇವೆ.

ಈಗ ಹೇಳು, ನಿನ್ನ ಬೆನ್ನುನೋವು ಹೇಗಿದೆ? ಮೆಲ್ಬರ್ನಿನ ವೈದ್ಯ ಹೇಳಿದ ಆ ಗಟ್ಟಿ ದಿಂಬು ಕೊಂಡೆಯೋ, ಅಥವಾ ಅದರ ಬೆಲೆ ಕೇಳಿಯೇ ಬೆನ್ನು ನೆಟ್ಟಗಾಯಿತೋ? ಇಲ್ಲಿ ಎಲ್ಲರೂ ಕ್ಷೇಮ. ಈ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡು ಮುಂದಕ್ಕೆ ಓದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀ. ಕಾಗದ ಬರೆದರೆ ನಿನ್ನ ಬೈಗುಳ ಇಲ್ಲಿಗೆ ತಲುಪಲು ನಾಲ್ಕು ದಿನವಾದರೂ ಬೇಕು.

ಬೂಟು ಬಚ್ಚಿಟ್ಟದ್ದೇಕೆ ಎಂದು ನಿನಗೆ ಆಗಲೇ ಹೊಳೆದಿರಬೇಕು. ಪ್ರತಿ ವರ್ಷ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದಂದು ಅಪ್ಪ ಅಮ್ಮ ಮುಂಜಾನೆಯ ಸ್ಮರಣೆ ಮುಗಿಸಿಕೊಂಡು ನೇರ ಮೌಂಟ್ ಫೀಲ್ಡ್ ಬೆಟ್ಟಕ್ಕೆ ಹೋಗಿ, ಎಲೆ ಉದುರುವ ಮುಂಚೆ ಫೇಗಸ್ ಮರದ ಎಲೆ ಬಣ್ಣ ತಿರುಗಿದ್ದನ್ನು ನೋಡಿ ಬರುತ್ತಿದ್ದರು. ಅಮ್ಮ ಹೋದ ಮೇಲೂ ನಾಲ್ಕು ವರ್ಷದಿಂದ ಅಪ್ಪ ಅದನ್ನು ಬಿಟ್ಟಿಲ್ಲ. ಈಗ ಅವರಿಗೆ ಎಂಬತ್ತೊಂದು. ಎಡ ಮಂಡಿ ಮೆಟ್ಟಿಲು ಕಂಡರೇ ಮುಷ್ಕರ ಹೂಡುತ್ತದೆ. ಅದರ ಮೇಲೆ ಈ ಸಲ ಹವಾಮಾನದವರು ಒಂಬೈನೂರು ಮೀಟರಿನಿಂದ ಮೇಲಕ್ಕೆ ಹಿಮ ಎಂದಿದ್ದರು. ನನ್ನ ಸ್ವಾರ್ಥವೂ ಇತ್ತು ಅನ್ನು. ಕೊನೆಯ ಹನ್ನೆರಡು ಸಾಲು ರೀಸ್ಲಿಂಗ್ ದ್ರಾಕ್ಷಿ ಇನ್ನೂ ಬಳ್ಳಿಯಲ್ಲೇ ಇತ್ತು. ಅಪ್ಪ ಬೀಜ ಕಚ್ಚಿ ನೋಡಿ ಹೂಂ ಅನ್ನದೆ ನಾವು ಒಂದು ಗೊಂಚಲನ್ನೂ ಕೊಯ್ಯುವವರಲ್ಲ. ಈ ವರ್ಷ ಒಂದು ಸಲ ಬಿಡಿ ಎಂದು ನಾನು ಅಂಗಲಾಚಿದ್ದಕ್ಕೆ ಅವರು, “ಮರಕ್ಕೆ ನಮ್ಮನೆ ದಾರಿ ಗೊತ್ತಿಲ್ಲ ಕಣೋ, ನಾನೇ ಹೋಗ್ಬೇಕು” ಎಂದು ಟೀ ಹೀರಿದರು.

ಶುಕ್ರವಾರ ಸ್ಮಾರಕದ ಬಳಿ ಕೊಂಬಿನ ದನಿ ಮುಗಿಯುವವರೆಗೂ ಅಪ್ಪ ನನ್ನ ಪಕ್ಕದಲ್ಲೇ ಇದ್ದರು. ಆಮೇಲೆ ನಾನು ಸಭಾಂಗಣದಲ್ಲಿ ಸಾಸೇಜು ಮಗುಚುವ ಸರದಿಗೆ ನಿಂತೆ. ಒಂದೂವರೆ ಗಂಟೆ ಅದೇ ಕೆಲಸ. ಮನೆಗೆ ಬಂದರೆ ಪಿಕಪ್ ಇಲ್ಲ, ಅಪ್ಪನೂ ಇಲ್ಲ. ಬೂಟು ನಾನಿಟ್ಟಲ್ಲೇ ಇತ್ತು. ಎದೆ ಹಗುರಾಯಿತು. ಸೇಬಿನ ತೋಟದ ಗೆಳೆಯನ ಮನೆಗೆ ಹೋಗಿರಬೇಕೆಂದುಕೊಂಡು ಬಳ್ಳಿಗೆ ಹೊದಿಸಿದ ಹಕ್ಕಿಬಲೆ ಸುತ್ತಿಡಲು ಹೊರಟೆ. ಮಧ್ಯಾಹ್ನ ಹನ್ನೆರಡೂವರೆಗೆ ನನ್ನವಳು ಜೋಡಿ, ತೊಟ್ಟಿ ತೊಳೆಯಲು ಹೋದವಳು, ಹಾಗೇ ಹಿಂದಕ್ಕೆ ಬಂದಳು. ದ್ರಾಕ್ಷಿ ಹಿಂಡುವ ಕೋಣೆಯ ರಬ್ಬರ್ ಬೂಟು ಕಾಣುತ್ತಿರಲಿಲ್ಲ. ಅಕ್ಕಾ, ಆ ಬೂಟಿನ ಅಡಿ ಸವೆದು ಸವೆದು ಸೋಪಿನಂತಾಗಿದೆ. ಹೆಂಡತಿಯ ಮುಂದೆ ನಾನು ಅಪರಾಧ ಒಪ್ಪಿಕೊಳ್ಳಲೇಬೇಕಾಯಿತು. ಅವಳು ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಕೇಳಿದಳು: “ಬೂಟು ಕದ್ರೆ ಕಾಲು ನಿಲ್ಲುತ್ತೆ ಅಂದ್ಕೊಂಡ್ಯಾ?”

ಬೆಟ್ಟದ ಮೇಲಿನ ಆ ಕಲ್ಲುದಾರಿಯಲ್ಲಿ ನಾನು ಹೇಗೆ ಕಾರು ಓಡಿಸಿದೆನೋ ನನಗೇ ತಿಳಿಯದು. ಡಾಬ್ಸನ್ ಸರೋವರದ ಬಳಿ ನಮ್ಮ ಪಿಕಪ್ ನಿಂತಿತ್ತು. ಅದರ ಗಾಜಿನ ಮೇಲೆ ಹಿಮ ಕೂತಿತ್ತು. ಚಾರಣಿಗರ ಪುಸ್ತಕ ತೆರೆದೆ. ಅಪ್ಪನದೇ ಅಕ್ಷರ: ಟಾರ್ನ್ ಶೆಲ್ಫ್ ಸುತ್ತು, ಹೊರಟದ್ದು ಎಂಟೂವರೆ, ಮರಳುವುದು ಎರಡು ಗಂಟೆ. ಜನ ಎಷ್ಟು ಎಂಬಲ್ಲಿ ಎರಡು ಎಂದು ಬರೆದು, ಅದನ್ನು ಹೊಡೆದುಹಾಕಿ, ಒಂದು ಎಂದು ಬರೆದಿದ್ದರು. ಮರಳಿ ಬಂದವರು ಸಹಿ ಮಾಡುವ ಜಾಗ ಖಾಲಿ. ಗಡಿಯಾರದಲ್ಲಿ ಎರಡೂವರೆ. ಅದರ ಕೆಳಗಿನ ಸಾಲಿನಲ್ಲಿ ನನ್ನ ಹೆಸರು ಬರೆದು, ಉದ್ದೇಶ ಎಂಬಲ್ಲಿ “ಅಪ್ಪನನ್ನು ಕರೆತರಲು” ಎಂದು ತುಂಬಿ ಓಡಿದೆ.

ಹಿಮದ ಮೇಲೆ ರಬ್ಬರ್ ಬೂಟಿನ ಗುರುತಿತ್ತು. ಬಲಗಾಲಿನದು ಆಳ, ಎಡಗಾಲಿನದು ಬರೀ ಗೀರು. ಆ ಮಂಡಿಯನ್ನು ಅಷ್ಟು ದೂರ ಎಳೆದುಕೊಂಡು ಹೋಗಿದ್ದಾರಲ್ಲ ಎಂದುಕೊಂಡು ಹೆಜ್ಜೆ ಬೀಸಿ ಹಾಕಿದೆ. ದಾರಿಗೆ ಹಾಸಿದ ಹಲಗೆಗಳ ಮೇಲೆ ಒಂದೆಡೆ ಉದ್ದಕ್ಕೆ ಜಾರಿದ ಗುರುತು ಕಂಡಿತು. ಕೆಳಗೆ ಕೊಳದ ಕಪ್ಪು ನೀರು. ಅಲ್ಲಿ ಎಷ್ಟು ಹೊತ್ತು ನಿಂತು ನೀರನ್ನೇ ನೋಡಿದೆನೋ ತಿಳಿಯದು. ಸುತ್ತ ಫೇಗಸ್ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು, ಆದರೆ ಕಣ್ಣಿಗೆ ಇಳಿಯಲಿಲ್ಲ. ಬಂಡೆಗಳ ಮೇಲೆ ಗುರುತು ಅಳಿಸಿಹೋಯಿತು. ಮಂಜು ಇಳಿಯಿತು. ನಾಲ್ಕೂಕಾಲಿಗೆ ಆ ಸಾಲುಕೊಳಗಳ ತುದಿಯ ಮರದ ಗುಡಿಸಲು ತಲುಪಿದೆ. ಒಳಗೆ ಯಾರೂ ಇರಲಿಲ್ಲ. ಅಲ್ಲಿನ ಪುಸ್ತಕದಲ್ಲಿ ಅಪ್ಪ ಬರೆದಿದ್ದರು: “11.50. ಎಲೆ ಚೆನ್ನಾಗಿವೆ. ಅವಳಿದ್ದಿದ್ರೆ ಹೋದ ವರ್ಷಾನೇ ಚೆನ್ನಾಗಿತ್ತು ಅಂತಿದ್ದಳು.” ಅಂದರೆ ಹೆಚ್ಚುಕಡಿಮೆ ನಾಲ್ಕೂವರೆ ತಾಸಿನಿಂದ ಅವರ ಸುಳಿವಿಲ್ಲ. ಕತ್ತಲಿಗೆ ಉಳಿದದ್ದು ಒಂದೇ ಗಂಟೆ.

ಹೊರಗೆ ಬಂದು ಕೂಗಿದೆ. ಗುಡಿಸಲು ಬಿಟ್ಟು ಮುಂದಕ್ಕೆ ಹೋದೆ, ಮತ್ತೆ ಕೂಗಿದೆ. ಬೂಟು ಬಚ್ಚಿಟ್ಟು ಅಪ್ಪನನ್ನು ಕೊಂದವನು ಎಂದು ಚೀಟಿಯ ಮೇಲೆ ಅಚ್ಚು ಹಾಕಿಸಬೇಕಾದೀತು ಎಂಬ ಯೋಚನೆ ಬಂತು. ನಗಲು ಹೋದೆ, ಆಗಲಿಲ್ಲ. ಕತ್ತಲು ಕವಿಯುವ ಹೊತ್ತಿಗೆ ಮಂಜಿನೊಳಗಿಂದ ಅವರ ನೀಲಿ ಉಣ್ಣೆ ಟೋಪಿ ಮೂಡಿತು. ಅದರ ಕೆಳಗೆ ಅಪ್ಪ ಇದ್ದರು, ಇಡಿಯಾಗಿ. ಕೈಗೆ ಕೈ ಸೇರಿಸಿಕೊಂಡು ಕೆಳಗಿಳಿದೆವು. ಇಂಥ ಹವೆಯಲ್ಲಿ ಒಬ್ಬನೇ ಮೇಲೇರಿ ಹೆತ್ತ ತಂದೆಯ ಜೊತೆ ಮರಳಿ ಬಂದ ಮಗ ಈ ಕಣಿವೆಯಲ್ಲಿ ಇನ್ನೊಬ್ಬ ಇದ್ದಾನೆಯೇ, ನೀನೇ ಹೇಳು. ಬೇಕರಿಯಲ್ಲಿ ನನಗೆ ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ಪುಕ್ಕಟೆ ಸಿಕ್ಕಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪಿಕಪ್ಪಿನ ಕೀಲಿ ಅಪ್ಪನ ಕೈಯಿಂದ ಹೋಗಬೇಕು, ಬೆಟ್ಟ ಇಲ್ಲಿಗೆ ಮುಗಿಯಬೇಕು. ನಾನು ಹೇಳಿದರೆ ಕೇಳುವವರಲ್ಲ. ನೀನು ಹಿರಿಯವಳು. ಒಂದು ಕಟುವಾದ ಪತ್ರ ಬರೆದರೆ ಬಗ್ಗುತ್ತಾರೆ. ರೀಸ್ಲಿಂಗ್ ಶನಿವಾರ ಕೊಯ್ದೆವು. ಅಪ್ಪ ಬೀಜ ಕಚ್ಚಿ ಹೂಂ ಅಂದರು, ಆದರೆ ನನ್ನ ಕಡೆ ನೋಡಲಿಲ್ಲ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಜೋಡಿ ನಿನ್ನನ್ನು ನೆನೆಸಿಕೊಂಡಿದ್ದಾಳೆ.

ನಿನ್ನ ಪ್ರೀತಿಯ ತಮ್ಮ,
ಬ್ರೆಟ್

ತಾ.ಕ.: ಅಂಚೆಗೆ ಹಾಕಲೆಂದು ಕಾಗದ ಕೊಟ್ಟೆ, ಅಪ್ಪ ಪೂರ್ತಿ ಓದಿಬಿಟ್ಟರು. “ಸುಳ್ಳೇನೂ ಬರ್ದಿಲ್ಲ. ನಿಜಾನೂ ಬರ್ದಿಲ್ಲ” ಎಂದು ಪೆನ್ನು ಸಮೇತ ಹಿಂದಕ್ಕೆ ಕೊಟ್ಟು ಎದುರಿಗೇ ಕೂತಿದ್ದಾರೆ. ಟಾರ್ನ್ ಶೆಲ್ಫ್ ಸುತ್ತುದಾರಿ ಎಂಬುದು ನನಗೆ ಮರೆತೇ ಹೋಗಿತ್ತು. ಅವರು ಇನ್ನೊಂದು ಬದಿಯಿಂದ ಇಳಿದು ಮೂರಕ್ಕೆ ಐದು ನಿಮಿಷವಿದ್ದಾಗಲೇ ಪುಸ್ತಕದಲ್ಲಿ ಸಹಿ ಮಾಡಿದ್ದರು. ತಮ್ಮ ಕೆಳಗಿನ ಸಾಲಿನಲ್ಲಿ ನನ್ನ ಹೆಸರು ನೋಡಿ, ಕಾಡಿನ ಕಾವಲಿನವರಿಗೆ ಹೇಳಿ, ಅವರು ಬರುವ ಮೊದಲೇ ತಾವೇ ಮತ್ತೆ ಬೆಟ್ಟ ಹತ್ತಿದ್ದರು, ಅದೇ ಮಂಡಿಯಲ್ಲಿ. ನಾನು ಗುಡಿಸಲಿನಾಚೆ ಒಂದು ಪೊದೆಯನ್ನು ಅಪ್ಪನೆಂದು ಭ್ರಮಿಸಿ ಓಡಿಹೋಗಿ, ದಾರಿ ತಪ್ಪಿ, ಬಂಡೆಯೊಂದರ ಮೇಲೆ ಕೂತುಬಿಟ್ಟಿದ್ದೆ. ಕಾವಲಿನವರು ಕರೆಸಿದ ಪೊಲೀಸರು ಹುಡುಕಿಕೊಂಡು ಬಂದದ್ದು ನನ್ನನ್ನು. ಪತ್ರಿಕೆಯ ತುಣುಕು ಇದರ ಜೊತೆಗಿದೆ, ಅದನ್ನೂ ಅಪ್ಪನೇ ಕತ್ತರಿಸಿದರು. ಕೀಲಿಯ ವಿಷಯ ಬಿಟ್ಟುಬಿಡು.

ಅಪ್ಪ ಎದ್ದು ಲಕೋಟೆ ತರಲು ಹೋಗಿದ್ದಾರೆ, ಇದು ಅವರು ಬರೆಸಿದ್ದಲ್ಲ. ಮಗ “ಅಪ್ಪಾ” ಎಂದು ಕೂಗುತ್ತಿದ್ದ, ದನಿ ಹಿಡಿದು ಹೋದೆ ಎಂದು ಅವರು ಪೊಲೀಸರಿಗೆ ಹೇಳಿದ್ದಾರೆ, ಪತ್ರಿಕೆಯಲ್ಲೂ ಹಾಗೇ ಬಂದಿದೆ. ಅಕ್ಕಾ, ಬಂಡೆಯ ಮೇಲೆ ಕೂತು ನಾನು ಕೂಗುತ್ತಿದ್ದದ್ದು “ಅಮ್ಮಾ” ಎಂದು. ಅಪ್ಪ ಬಂದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೇಳಿದರು: “ಅವಳು ಬರಲ್ಲ ಕಣೋ. ನಾನು ಬಂದಿದೀನಿ, ಏಳು.”