ಏಳು ಕಿಂಡಿಗಳು

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನೀನು ಭಾವನ ಮೇಲೆ ಮುನಿಸಿಕೊಂಡು ಅಮ್ಮನ ಮನೆ ಸೇರಿ ಮೂರು ತಿಂಗಳಾಯಿತು. ಈ ಕಾಗದವನ್ನು ಅಮ್ಮನಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಓದು.

ಕೋಟೆಗೋಡೆ ಬಿದ್ದದ್ದು ಭಾವನಿಂದಲ್ಲ, ನನ್ನಿಂದ.

ಗೋಡೆಯ ಬುಡದಲ್ಲಿ ಏಳು ಕಿಂಡಿಗಳಿದ್ದವಲ್ಲ, ಚಿಕ್ಕಂದಿನಲ್ಲಿ ನೀನು ಅವುಗಳೊಳಗೆ ಕೈ ಹಾಕಿ ಹಾವು ಹಾವು ಎಂದು ನನ್ನನ್ನು ಅಳಿಸುತ್ತಿದ್ದೆ. ಗೋಡೆಯೊಳಗಿನ ಮಣ್ಣು ಕುಡಿದ ನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಅವಕ್ಕೆ ಮಾತ್ರ ಕೈ ಹಚ್ಚಬೇಡಿ ಎಂದು ದುರಸ್ತಿ ಶುರುವಾದ ದಿನವೇ ಮೇಸ್ತ್ರಿಯಾಗಿದ್ದ ಭಾವ ಹೇಳಿದ್ದರು. ಅಷ್ಟರಲ್ಲಿ ಕೋಟೆ ಕಚೇರಿಯ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾನು ಹೊಸದಾಗಿ ಗಾರೆ ತುಂಬಿದ ಗೋಡೆ, ಆ ಕಿಂಡಿಗಳಿಂದ ಪಾಚಿ ಇಳಿದು ಸಿಂಬಳ ಸೋರುವ ಮಗುವಿನ ಮುಖದಂತೆ ಕಾಣುತ್ತಿತ್ತು. ನನಗೋ ಹೊಗಳಿಸಿಕೊಳ್ಳುವ ಚಪಲ. ಏಳಕ್ಕೂ ಅಳತೆಗೆ ಸರಿಯಾಗಿ ಕಲ್ಲು ಕೆತ್ತಿ ಬಿಗಿದುಬಿಟ್ಟೆ. ಭಾವ ಆಗ ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಹೋಗಿದ್ದರು. ಹೋಗಬೇಕಾದವನು ನಾನು, ಕೆಲಸದ ನೆಪ ಹೇಳಿ ಜಾರಿಕೊಂಡಿದ್ದೆ.

ಸಾಹೇಬರು ಬಂದು ಬೆನ್ನು ತಟ್ಟಿದರು. ಅಂದು ಸಂಜೆ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ನೀರಿಗೆ ದಾರಿ ಸಿಗದೆ ಗೋಡೆ ಉಬ್ಬಿ, ಮೂರನೆಯ ದಿನ ಮಧ್ಯಾಹ್ನ ಪಕ್ಕದ ಚಹಾದಂಗಡಿಯ ಮೇಲೆ ಕುಸಿಯಿತು. ಅಂಗಡಿಯಾಕೆ, ನಿನ್ನ ಜೀವದ ಗೆಳತಿ, ಈಗಲೂ ಊರುಗೋಲು ಹಿಡಿದೇ ನಡೆಯುತ್ತಾಳೆ.

ವಿಚಾರಣೆಯಲ್ಲಿ ಕಿಂಡಿಗಳ ಮಾತು ಬರಲೇ ಇಲ್ಲ. ಮೇಸ್ತ್ರಿ ಹೇಗೆ ಎಂದು ನನ್ನನ್ನು ಕೇಳಿದರು. ಈಚೆಗೆ ಸ್ವಲ್ಪ ಮರೆವು, ಕೆಲಸದ ಮೇಲೆ ನಿಗಾ ಇಲ್ಲ ಎಂದೆ, ನೆಲ ನೋಡುತ್ತಾ. ನಿನ್ನ ಮುಂದೆಯೂ ಅದನ್ನೇ ಹೇಳಿದೆ. ಭಾವ ತುಟಿ ಬಿಚ್ಚಲಿಲ್ಲ, ಕೆಲಸ ಕಳೆದುಕೊಂಡು ಸುಮ್ಮನೆ ಮನೆಗೆ ಬಂದರು. ಆ ಮೌನವನ್ನೇ ನೀನು ತಪ್ಪೊಪ್ಪಿಗೆ ಎಂದುಕೊಂಡೆ, ನಾನೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ. ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ ಅಕ್ಕ.

ಇದನ್ನು ಅಂಚೆಗೆ ಹಾಕಿ ನೇರವಾಗಿ ಕಚೇರಿಗೆ ಹೋಗಿ ಎಲ್ಲ ಹೇಳುತ್ತೇನೆ. ನಿನ್ನ ಗೆಳತಿಯ ಮುಂದೆಯೂ ಹೋಗಿ ನಿಲ್ಲುತ್ತೇನೆ. ನನ್ನನ್ನು ಕ್ಷಮಿಸಬೇಡ, ಭಾವನ ಹತ್ತಿರ ಹೋಗು.

ನಿನ್ನ ತಮ್ಮ ಎಂದು ಬರೆಯಲು ನಾಚುವ,
ಗುಂಡ

ತಾ.ಕ.: ನಿನ್ನೆ ಭಾವನ ಕಾಲು ಹಿಡಿಯಲು ಹೋಗಿದ್ದೆ. ಅವರು ಮಂಚದ ಕೆಳಗಿನಿಂದ ಒಂದು ಚೀಲ ಎಳೆದರು. ಒಳಗೆ ಆ ಏಳೂ ಕಲ್ಲುಗಳು, ನನ್ನ ಉಳಿಯ ಗುರುತಿನ ಸಮೇತ. ವಿಚಾರಣೆಗೆ ಮೊದಲೇ ಗೋಡೆ ಬಿದ್ದ ರಾಶಿಯಿಂದ ಆಯ್ದಿಟ್ಟಿದ್ದರಂತೆ. ಯಾಕೆ ಎಂದೆ. ನಿನ್ನಕ್ಕನಿಗೆ ನೀನೆಂದರೆ ಪ್ರಾಣ, ನಾನು ಕೆಟ್ಟವನಾದರೆ ಹೇಗೋ ತಡೆದುಕೊಳ್ಳುತ್ತಾಳೆ ಎಂದರು. ಕಚೇರಿಗೆ ತೋರಿಸಲು ಚೀಲ ಕೇಳಿದೆ, ಕೊಡಲಿಲ್ಲ. ನೀನು ಬಂದು ಕೇಳಿದರೆ ಕೊಟ್ಟಾರು.