ನಾನು ಆರಿಸದ ನಾಲ್ಕು ವಾರ

14 ಜೂನ್ 2013, ಶುಕ್ರವಾರ

ಠಾಣೆ ಸ್ಟೇಷನ್ನಿನಲ್ಲಿ ಮತ್ತೆ ವಾಶಿ ಲೋಕಲ್ ರೈಲು ತಪ್ಪಿತು. ಮೊದಲ ಲೆಕ್ಚರ್ ಅರ್ಧಕ್ಕರ್ಧ ಹೋಯಿತು. ನೋಟಿಸ್ ಬೋರ್ಡ್ ಮುಂದೆ ನೂಕುನುಗ್ಗಲು. ಮೆಡಿಕಲ್ ಕಾಲೇಜಿನ ಹೊಸ ಶೋಕಿ — ಇಲೆಕ್ಟಿವ್. ಜುಲೈ ತಿಂಗಳ ನಾಲ್ಕು ವಾರ ನಮಗೆ ಬೇಕಾದ ವಿಷಯ ನಾವೇ ಆರಿಸಿಕೊಳ್ಳಬೇಕಂತೆ. ಫಾರ್ಮಿನಲ್ಲಿ ಮೂರು ಇಷ್ಟ ಬರೆಯಬೇಕು, ಮೊದಲು ಕೊಟ್ಟವರಿಗೆ ಮೊದಲು ಸೀಟು. ಕಾರ್ಡಿಯಾಲಜಿ, ಮಕ್ಕಳ ವಿಭಾಗ, ರೇಡಿಯಾಲಜಿ ಎಂದು ಬರೆದು ಹತ್ತು ಗಂಟೆಗೇ ಕೊಟ್ಟೆ.

21 ಜೂನ್

ಪಟ್ಟಿ ಬಂತು. ಕಾರ್ಡಿಯಾಲಜಿ ನಮ್ಮ ಕ್ಲಾಸಿನ ರಮಿತಾಗೆ. ಫಾರ್ಮ್ ಕೊಟ್ಟದ್ದು ಮೂರು ದಿನ ತಡವಾಗಿ, ಆದರೆ ಅವಳ ಮಾವ ಕಾಲೇಜಿನ ಟ್ರಸ್ಟಿ. ನನಗೆ ಕಾರ್ಖಾನೆ ಕೆಲಸಗಾರರ ಆರೋಗ್ಯ. ನಾನು ಬರೆದ ಮೂರರಲ್ಲಿ ಅದು ಇರಲೇ ಇಲ್ಲ.

ಎಚ್‌ಒಡಿ ಹತ್ತಿರ ಹೋಗಿ ಕೇಳಿದೆ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಪುಡಿ ಕಾರ್ಖಾನೆ, ಅಲ್ಲಿ ಗುಲ್ಬರ್ಗ ಕಡೆಯ ಕೂಲಿಗಳೇ ಹೆಚ್ಚು, ನಿನಗೆ ಕನ್ನಡ ಬರುತ್ತದೆ, ಮನೆಯೂ ಹತ್ತಿರ ಎಂದರು — ಉಪಕಾರ ಮಾಡಿದವರ ಹಾಗೆ. ಇನ್ನೊಂದು ಮಾತೂ ಹೇಳಿದರು. ಒಬ್ಬ ರೋಗಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಅಲ್ಲಿನ ಡಾಕ್ಟರ್ ಸಹಿ ಇಲ್ಲದಿದ್ದರೆ ಫೈನಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಇದಕ್ಕೆ ಐಚ್ಛಿಕ ಎಂದು ಹೆಸರು. ಮೈ ಉರಿಯುತ್ತಿದೆ.

4 ಜುಲೈ, ಗುರುವಾರ

ಕಾರ್ಖಾನೆಯಲ್ಲಿ ವಾರ್ಷಿಕ ತಪಾಸಣೆ. ಶ್ವಾಸಕೋಶದ ಬಲ ಅಳೆಯುವ ಊದುವ ಯಂತ್ರ ನನ್ನ ಪಾಲಿಗೆ. ಕಾರ್ಖಾನೆಯ ಡಾಕ್ಟರ್ ಮುಕ್ತಾ ಕ್ಯಾಬಿನ್ ಬಿಟ್ಟು ಏಳುವುದಿಲ್ಲ. ಮುಖ ನೋಡುವುದಿಲ್ಲ, ಹಾಳೆ ನೋಡಿ ಸಹಿ.

ಮಧ್ಯಾಹ್ನ ಬಾಲಪ್ಪ ಎಂಬವನು ಬಂದ. ಗುತ್ತಿಗೆ ಆಳು, ಪುಡಿ ತುಂಬುವ ಶೆಡ್ಡಿನಲ್ಲಿ ಒಂಬತ್ತು ವರ್ಷ. ಹಿಂದಿಯಲ್ಲಿ ಕೇಳಿದಾಗ ಏನೂ ತೊಂದರೆ ಇಲ್ಲ ಎಂದ. ಕನ್ನಡದಲ್ಲಿ ಕೇಳಿದೆ, ಮುಖ ಅರಳಿತು. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ಬೆಳಿಗ್ಗೆ ಕೆಮ್ಮಿ ಕೆಮ್ಮಿ ವಾಂತಿ... ಎಲ್ಲ ಹೇಳಿದ. ಮೂರು ಸಲ ಊದಿಸಿದೆ. ನೂರು ಇರಬೇಕಾದಲ್ಲಿ 48.

ಮೊದಲು ಆದದ್ದು ಖುಷಿ. ಲಾಗ್‌ಬುಕ್ಕಿಗೆ ಒಳ್ಳೆ ಕೇಸ್ ಸಿಕ್ಕಿತು ಅಂತ.

5 ಜುಲೈ

ಸರಿಯಾಗಿ ಊದಲಿಲ್ಲ ಎಂದು ಬರೆದುಬಿಡು, ಎಂದರು ಮುಕ್ತಾ. ಪ್ರತಿ ವರ್ಷ ಹಾಗೇ ಬರೆಯುತ್ತಾರಂತೆ. ಮೂರು ಸಲವೂ ಒಂದೇ ಬಂದಿದೆ, ಬರೆಯುವುದಿಲ್ಲ ಎಂದೆ. ‘ಪುಡಿಯಿಂದ ದೂರ ಇಡಬೇಕು’ ಎಂದು ಬರೆದು ಹಾಳೆಯನ್ನು ನಾನೇ ಆಫೀಸಿಗೆ ಕೊಟ್ಟು ಬಂದೆ. ಬೇರೆ ಶೆಡ್ಡಿಗೆ ಹಾಕುತ್ತಾರೆ. ಪುಸ್ತಕದಲ್ಲಿ ಹಾಗೇ ಇದೆ. ಇವತ್ತು ನನ್ನ ಬಗ್ಗೆ ನನಗೇ ಹೆಮ್ಮೆ.

10 ಜುಲೈ, ಬುಧವಾರ

ಗೇಟಿನ ಹೊರಗೆ ಬಾಲಪ್ಪ ಕಾಯುತ್ತಿದ್ದ. ಹಾಳೆ ಹೋದ ಮರುದಿನವೇ ಗುತ್ತಿಗೆದಾರ ಗೇಟ್ ಪಾಸ್ ಕಿತ್ತುಕೊಂಡಿದ್ದಾನೆ. ಬೇರೆ ಶೆಡ್ಡೂ ಇಲ್ಲ, ಏನೂ ಇಲ್ಲ. ಇರುವ ಒಂದು ಕೋಣೆಯ ಖೋಲಿಯೂ ಗುತ್ತಿಗೆದಾರನದೇ, ತಿಂಗಳ ಕೊನೆಗೆ ಬಿಡಬೇಕು. ಹೆಂಡತಿ ದಾನಮ್ಮ ಬಾಣಂತಿ.

"ಕನ್ನಡ ಮಾತಾಡ್ತೀರಿ ಅಂತ ಖರೇ ಹೇಳ್ದೆ ಮೇಡಂ," ಎಂದ. "ನಿಮ್ಮ ಬುಕ್ಕಿನಾಗ ಬರೀಲಾಕ ನಾನೇ ಸಿಕ್ಕೆನೇನು?"

ದೊಡ್ಡಾಸ್ಪತ್ರೆಗೆ ತೋರಿಸು, ಔಷಧಿ ಶುರು ಮಾಡು ಎಂದೆ. ಔಷಧಿ ತಿಂದು ಎಲ್ಲಿ ಮಲಗಲಿ ಎಂದು ಕೇಳಿದ. ಸಿಟ್ಟು ಬಂತು. ನಿನ್ನ ಜೀವ ಉಳಿಸಲು ಹೋದರೆ ನನ್ನ ಮೇಲೇ ಬರುತ್ತೀಯಾ ಎಂದು ರೇಗಿದೆ. ಅವನು ನನ್ನ ಕಾಲ ಬುಡಕ್ಕೆ ಉಗಿದು ಹೋದ. ಕೆಮ್ಮಿದ್ದಕ್ಕೋ, ನನಗೋ... ಗೊತ್ತಾಗಲಿಲ್ಲ. ನನಗೇ ಇರಬೇಕು.

11 ಜುಲೈ

ಮುಕ್ತಾ ಜೊತೆ ಜಗಳ. ನಾನು ಹೇಳಿದಂತೆ ಬರೆದಿದ್ದರೆ ಅವನ ಕೆಲಸ ಉಳಿಯುತ್ತಿತ್ತು ಎಂದರು. ಶ್ವಾಸಕೋಶ? ಎಂದೆ. 26ಕ್ಕೆ ಮರುಪರೀಕ್ಷೆ ಇದೆ, ನಾರ್ಮಲ್ ಬಂದರೆ ಪಾಸ್ ವಾಪಸ್ ಎಂದರು. ನನ್ನ ಲಾಗ್‌ಬುಕ್ ನೋಡುವುದೂ ಅವತ್ತೇ ಅಂತೆ.

ವಿಷಯ ಬದಲಿಸಿ ಎಂದು ಎಚ್‌ಒಡಿಗೆ ಫೋನ್ ಮಾಡಿದೆ. ಮೊದಲ ವಾರ ಮುಗಿದ ಮೇಲೆ ಬದಲಾವಣೆ ಇಲ್ಲ. ಮನೆಯಲ್ಲಿ ಅಪ್ಪನಿಗೆ ಹೇಳಿದರೆ, ಊರ ಉಸಾಬರಿ ಬಿಟ್ಟು ಸಹಿ ಹಾಕಿಸಿಕೊಂಡು ಬಾ ಎಂದರು. ಯಾರೂ ಬೇಡ ನನಗೆ.

26 ಜುಲೈ, ಶುಕ್ರವಾರ, ಸಂಜೆ 5

ಬಾಲಪ್ಪನ ಮರುಪರೀಕ್ಷೆಯ ಚೀಟಿ ಹಿಡಿದು ಬಂದವನು ಬಾಲಪ್ಪನಲ್ಲ. ಅನಿಲಕುಮಾರ — ಅವನ ಪಕ್ಕದ ಖೋಲಿಯವನು, ಗಟ್ಟಿ ಆಳು. ಈ ತಿಂಗಳೇ ಅವನನ್ನೂ ಊದಿಸಿದ್ದೆ. ಮುಕ್ತಾಗೆ ಇಬ್ಬರ ಮುಖವೂ ಗೊತ್ತಿಲ್ಲ. ಗೊತ್ತಿರುವುದು ನನಗೊಬ್ಬಳಿಗೆ. ಕಿಟಕಿಯಾಚೆ ಬಾಲಪ್ಪ ನಿಂತು ನನ್ನನ್ನೇ ನೋಡುತ್ತಿದ್ದ. ಕೈ ಮುಗಿಯಲಿಲ್ಲ, ಬೇಡಲಿಲ್ಲ. ಹಗೆಯಿಂದಲೇ ನೋಡಿದ.

ಹೆಸರು ಕೇಳಿದೆ.

"ಬಾಲಪ್ಪರೀ," ಎಂದ ಅನಿಲಕುಮಾರ.

ಬರೆದೆ. ಊದಿಸಿದೆ. 94. ಮುಕ್ತಾ ಹಾಳೆ ನೋಡಿದರು, ನನ್ನನ್ನು ನೋಡಿದರು, ಸಹಿ ಹಾಕಿದರು. ಲಾಗ್‌ಬುಕ್ಕಿಗೂ. ‘ಅತ್ಯುತ್ತಮ, ಕೆಲಸಗಾರರ ವಿಶ್ವಾಸ ಗಳಿಸಿದ್ದಾಳೆ.’

ಹೊರಗೆ ಬಂದಾಗ ಬಾಲಪ್ಪನ ಕೈಯಲ್ಲಿ ಪಾಸ್ ಇತ್ತು. ಮೂಗಿಗೆ ಬಟ್ಟೆ ಕಟ್ಟಿಕೋ, ಸೋಮವಾರ ನಮ್ಮ ಆಸ್ಪತ್ರೆಗೆ ಬಾ, ನಾನೇ ಜೊತೆಗಿರುತ್ತೇನೆ ಎಂದೆ.

"ನಿಮ್ಮದೂ ಆತು, ನಂದೂ ಆತು," ಎಂದ. "ಇನ್ನ ಹೋಗ್ರಿ."

ಪುಡಿ ಶೆಡ್ಡಿನ ಕಡೆ ನಡೆದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಕಾಗದದ ಮೇಲೆ ಅವನಿಗೆ ಈಗ ಯಾವ ಕಾಯಿಲೆಯೂ ಇಲ್ಲ. ನಾಳೆ ಉಸಿರು ಸಿಗದೆ ಬಿದ್ದರೂ ಎಲ್ಲರೂ ತೋರಿಸುವುದು ಆ 94. ಬರೆದ ಕೈ ನನ್ನದು. ಇನ್ನೂ ಹೊತ್ತು ಮೀರಿಲ್ಲ, ವಾಪಸ್ ಹೋಗಿ ಹಾಳೆ ಕೇಳಿದರೆ... ಕೇಳಿದರೆ ಖೋಲಿ ಹೋಗುತ್ತದೆ. ಕೇಳದಿದ್ದರೆ ಉಸಿರು.